ಕುಂಕುಮ ಹತ್ತಿದ ಐನೂರು

ಮೊದಲೇ ಒಂದು ಮಾತು. ಈ ಬರಹದ ತುಂಬಾ 'ನಾವು' ಅಂತಿದೆ. ದೊಡ್ಡಸ್ತಿಕೆಗೆ ಅಲ್ಲ. ಕ್ಲಬ್ಬಿನ ಸೀನಿಯರ್ ಒಬ್ಬರು ಡ್ರಾಫ್ಟ್ ನೋಡಿ 'ನಾನು ಅಂತ ಬದಲಾಯಿಸಿ, ಓದೋಕೆ ಚೆನ್ನಾಗಿರುತ್ತೆ' ಅಂದ್ರು. ಆಗಲ್ಲ ಅಂದ್ವಿ. ಇದರಲ್ಲಿ ಬರೋ ಕೆಲಸ ಇಬ್ಬರು ಸೇರಿ ಮಾಡಿದ್ದು: ಇದನ್ನ ಟೈಪ್ ಮಾಡ್ತಿರೋರು ಒಬ್ಬರು, ನಮ್ಮ ಕಾಕಾನ ಮಗ ಇನ್ನೊಬ್ಬ. ಆದರೆ ಗಲ್ಲಾ ಹತ್ತಿರ ಹೋದ ಕೈ ಒಂದೇ. ಅದು ಯಾರ ಕೈ ಅಂತ ಯಾರಿಗೂ ಹೇಳಬಾರದು ಅಂತ ಹತ್ತನೇ ವಯಸ್ಸಿನಲ್ಲಿ ಮಾತಾಗಿತ್ತು. ಈಗ ಹತ್ತೊಂಬತ್ತು, ಇನ್ನೂ ಹೇಳಿಲ್ಲ. ಲಾಜಿಕ್ ಡಿಸೈನ್ ಓದಿದವರಿಗೆ ಇದು ಬೇಗ ತಿಳಿಯುತ್ತೆ. ಓಆರ್ ಗೇಟ್. ಔಟ್‌ಪುಟ್ 1 ಬಂದಿದೆ ಅಂದ್ರೆ ಯಾವ ಇನ್‌ಪುಟ್ 1 ಇತ್ತು ಅಂತ ಔಟ್‌ಪುಟ್ ನೋಡಿ ಹೇಳೋಕಾಗಲ್ಲ.

ನಮ್ಮ ಮುತ್ಯಾಂದು ಬಸವಕಲ್ಯಾಣದಲ್ಲಿ ಕಿರಾಣಿ ಅಂಗಡಿ. (ನಿಮ್ಮ ಕಡೆ ಅಜ್ಜ, ತಾತ. ನಮ್ಮ ಬೀದರ್ ಕಡೆ ಮುತ್ಯಾ. ಅಜ್ಜಿ ಅಂದ್ರೆ ಆಯಿ.) ನಮ್ಮಿಬ್ಬರಲ್ಲಿ ಒಬ್ಬರ ಮನೆ ಅಲ್ಲೇ, ಇನ್ನೊಬ್ಬರದು ಹುಮನಾಬಾದ್. ಬಸ್ಸಿನಲ್ಲಿ ಒಂದು ತಾಸಿನ ದಾರಿ. ಹೈದರಾಬಾದ್ ಹೈವೇ ಹಿಡಿದು ಬಂಗ್ಲಾ ಹತ್ತಿರ ಊರ ಕಡೆ ತಿರುಗಬೇಕು. ಆಮೇಲೆ ದೂರದಿಂದಲೇ 108 ಅಡಿ ಬಸವಣ್ಣನ ಮೂರ್ತಿ ಕಾಣ್ತದೆ. ಅದು ಕಂಡ ಕೂಡಲೇ ಚೀಲ ಹೆಗಲಿಗೆ ಹಾಕ್ಕೊಂಡು ಬಾಗಿಲ ಹತ್ತಿರ ಹೋಗಿ ನಿಲ್ಲೋದು ನಮ್ಮ ಅಭ್ಯಾಸ. ಇಬ್ಬರೂ ಇಂಗ್ಲಿಷ್ ಮೀಡಿಯಂ. ಕನ್ನಡ ಓದೋಕೆ ಕಲಿತದ್ದು ಅರ್ಧ ಶಾಲೆಯಲ್ಲಿ, ಅರ್ಧ ಮುತ್ಯಾನ ಅಂಗಡಿಯ ಉದ್ರಿ ಪುಸ್ತಕದಲ್ಲಿ. ಯಾರು ಎಷ್ಟು ಬಾಕಿ ಇಟ್ಟಾರೆ ಅಂತ ಜೋರಾಗಿ ಓದಿ ಬೈಸಿಕೊಂಡಿದ್ದೂ ಉಂಟು.

ಅಂಗಡಿಯಲ್ಲಿ ಒಬ್ಬ ಅಣ್ಣ ಕೆಲಸಕ್ಕಿದ್ದ. ಹದಿನೇಳೋ ಹದಿನೆಂಟೋ ವಯಸ್ಸು. ಕಾಲು ಕಿಲೋ ತೊಗರಿಬೇಳೆ ಅಂದ್ರೆ ಒಂದೇ ಸಲ ಕೈ ಹಾಕಿ ತಕ್ಕಡಿಗೆ ಸುರಿದರೆ ಮುಳ್ಳು ನೆಟ್ಟಗೆ ನಿಲ್ತಿತ್ತು. ನಮ್ಮಿಬ್ಬರನ್ನ ಸೈಕಲ್ ಮೇಲೆ ಹಿಂದೊಬ್ಬರು ಮುಂದೊಬ್ಬರು ಕೂಡಿಸ್ಕೊಂಡು ಕೋಟೆಗೆ ಕರ್ಕೊಂಡು ಹೋಗ್ತಿದ್ದ. ನಾವು ಪೆಪ್ಪರ್‌ಮಿಂಟ್ ಕೇಳಿದ್ರೆ ಬರಣಿಯಿಂದ ತೆಗೆದು ಕೊಡ್ತಿದ್ದ, ಕೊಟ್ಟು ಪುಸ್ತಕದಲ್ಲಿ ತನ್ನ ಹೆಸರಿನ ಮುಂದೆ 'ರೂ. 1' ಅಂತ ಬರೀತಿದ್ದ. 'ಮುತ್ಯಾಂದೇ ಅಂಗಡಿ ಅಲ್ಲಾ, ಯಾಕ ಬರೀತಿ?' ಅಂತ ಕೇಳಿದ್ರೆ 'ಅಂಗಡಿ ಮುತ್ಯಾಂದು, ಕೊಟ್ಟಾವ ನಾನು' ಅಂತಿದ್ದ. ಆ ಮಾತು ಆಗ ಜೋಕ್ ಅನಿಸಿತ್ತು.

ಈಗ ಆಸೆಯ ವಿಷಯ. ಹುಮನಾಬಾದಿನಲ್ಲಿ ಪ್ರತಿ ವರ್ಷ ಜನವರಿಯಲ್ಲಿ ವೀರಭದ್ರೇಶ್ವರ ಜಾತ್ರೆ. ಜಾತ್ರೆ ಅಂದ್ರೆ ದೊಡ್ಡವರಿಗೆ ತೇರು, ನಮಗೆ ತೊಟ್ಟಿಲು, ಜಿಲೇಬಿ, ಮತ್ತೆ ಗೋಡೆ ಮೇಲೆ ಬೈಕ್ ಓಡಿಸೋ 'ಮೌತ್ ಕಾ ಕುಂಆ'. 2016ರ ಜಾತ್ರೆಯಲ್ಲಿ ಒಂದು ಅಂಗಡಿಯಲ್ಲಿ ರಿಮೋಟ್ ಹೆಲಿಕಾಪ್ಟರ್ ನೋಡಿದ್ವಿ. ಅಂಗಡಿಯವನು ಅದನ್ನ ಜನರ ತಲೆ ಮೇಲಿಂದ ಹಾರಿಸಿ ಮತ್ತೆ ತನ್ನ ಅಂಗೈ ಮೇಲೆ ಇಳಿಸ್ಕೊಳ್ತಿದ್ದ. ರೇಟ್ 450. ಮನೆಯಲ್ಲಿ ಕೇಳಿದ್ವಿ. 'ಎರಡ ದಿನಕ್ಕ ಮುರೀತದ' ಅಂತ ಅಪ್ಪ, 'ಮುಂದಿನ ವರ್ಷ ನೋಡಮ್' ಅಂತ ಕಾಕಾ. ನಾವು ಆ 'ಮುಂದಿನ ವರ್ಷ'ವನ್ನ ಸೀರಿಯಸ್ಸಾಗಿ ತಗೊಂಡ್ವಿ.

ಆ ವರ್ಷ ದೀಪಾವಳಿ ಅಮಾವಾಸ್ಯೆ ಅಕ್ಟೋಬರ್ 30ಕ್ಕೆ ಬಂದಿತ್ತು, ಭಾನುವಾರ. ಅಂಗಡಿಯಲ್ಲಿ ಲಕ್ಷ್ಮೀ ಪೂಜೆ. ಬಾಗಿಲಿಗೆ ಬಾಳೆಕಂಬ, ಕಬ್ಬು, ಚೆಂಡುಹೂವಿನ ಮಾಲೆ. ತಕ್ಕಡಿಗೂ ಪೂಜೆ, ಖಾತೆ ಪುಸ್ತಕಕ್ಕೂ ಪೂಜೆ. ಗಲ್ಲಾದ ರೊಕ್ಕವನ್ನೆಲ್ಲ ತೆಗೆದು ದೇವಿ ಮುಂದೆ ಹರಡಿ, ಆಯಿ ಒಂದೊಂದು ನೋಟಿಗೂ ಕುಂಕುಮದ ಬೊಟ್ಟು ಇಡ್ತಾ ಹೋದರು. ವರ್ಷವೆಲ್ಲ ಗಲ್ಲಾದ ಒಳಗಿರೋ ರೊಕ್ಕ ಆ ಒಂದು ರಾತ್ರಿ ಬಯಲಿಗೆ ಬಂದು ಕೂರ್ತದೆ. ಹತ್ತು ವರ್ಷದ ಮಕ್ಕಳ ಎದುರಿಗೆ.

ಪೂಜೆ ಮುಗಿದು ಎಲ್ಲರೂ ಪಟಾಕಿ ನೋಡೋಕೆ ರಸ್ತೆಗೆ ಬಂದ್ರು. ನಾವು ಚುರುಮುರಿ-ಬತ್ತಾಸು ತಿನ್ನುತ್ತಾ ಒಳಗೇ ಉಳಿದ್ವಿ. ಯಾರೂ ಪ್ಲಾನ್ ಮಾಡಿರಲಿಲ್ಲ, ಇದು ಸುಳ್ಳಲ್ಲ. ದೀಪ ಉರೀತಿತ್ತು, ನೋಟುಗಳು ಸಾಲಾಗಿದ್ದವು, ಒಬ್ಬರು ಇನ್ನೊಬ್ಬರ ಮುಖ ನೋಡಿದರು, ಅಷ್ಟೇ. ಬಾಯಲ್ಲಿ ಬತ್ತಾಸು ಕರಗೋದಕ್ಕಿಂತ ಬೇಗ ಕೆಲಸ ಆಗಿತ್ತು. ಹೊರಗೆ ಬಂದು ಪಟಾಕಿ ನೋಡಿದ್ವಿ. ಸುರಸುರಬತ್ತಿ ಕೈಗೆ ಕೊಟ್ಟಾಗ ಹೆಬ್ಬೆರಳಿಗೆ ಕುಂಕುಮ ಹತ್ತಿದ್ದು ಕಾಣಿಸ್ತು. ಚಡ್ಡಿಗೆ ಒರೆಸಿದ್ವಿ.

ಬೆಳಿಗ್ಗೆ ಮುತ್ಯಾ ಎಣಿಸಿದರು. ಮತ್ತೆ ಎಣಿಸಿದರು. ಮೂರನೇ ಸಲ ಎಣಿಸೋವಾಗ ತುಟಿ ಅಲುಗಾಡ್ತಿತ್ತು. ನಮಗೆ ಮುತ್ಯಾ ಹೇಳ್ತಿದ್ದ ಒಂದು ಕಥೆ ನೆನಪಾಯ್ತು. ಕಲ್ಯಾಣದಲ್ಲಿ ಬಸವಣ್ಣ ಬಿಜ್ಜಳನ ಭಂಡಾರಿ. ಭಂಡಾರದ ಹಣ ಜಂಗಮರಿಗೆ ಖರ್ಚು ಮಾಡ್ತಿದ್ದಾನೆ ಅಂತ ಆಗದವರು ರಾಜನ ಕಿವಿಗೆ ಹಾಕ್ತಾರೆ. ರಾಜ ಲೆಕ್ಕ ಹಾಕಿಸ್ತಾನೆ, ಒಂದು ಹೊನ್ನೂ ಕಡಿಮೆ ಬರೋದಿಲ್ಲ. ಜನ ಹೇಳಿಕೊಂಡು ಬಂದ ಕಥೆ ಇದು, ಮುತ್ಯಾ ಮಾತ್ರ ಪಕ್ಕದ ಅಂಗಡಿಯಲ್ಲಿ ನಿನ್ನೆ ನಡೆದ ಹಾಗೆ ಹೇಳೋರು. ಎಣಿಕೆ ಸರಿ ಬರೋ ಜಾಗಕ್ಕೆ ಬಂದಾಗ ತಾವೇ ಗೆದ್ದ ಹಾಗೆ ತೊಡೆ ತಟ್ಟೋರು. ಇವತ್ತು ತಟ್ಟಲಿಲ್ಲ.

ಅಣ್ಣ ಬಂದು ಕಸ ಗುಡಿಸ್ತಿದ್ದ. ನಾವು ಜೋಳದ ಚೀಲದ ಮೇಲೆ ಕೂತು ಚಕ್ಕುಲಿ ತಿನ್ತಿದ್ವಿ.

'ತಮ್ಮಾ, ಪೂಜಿ ರೊಕ್ಕದಾಗ ಐನೂರು ಕಮ್ಮಿ ಬರ್ಲಕತ್ತದ. ನೀ ಏನರ ನೋಡೀದ್ಯಾ?'

'ಇಲ್ರಿ ಸಾವ್ಕಾರ್ರ.'

'ಆಯ್ತು ಬಿಡು.'

ಇಷ್ಟೇ ಮಾತು. ಬೈಗುಳ ಇಲ್ಲ, ಜೇಬು ಹುಡುಕಲಿಲ್ಲ. ಚಕ್ಕುಲಿ ನಮ್ಮ ಬಾಯಲ್ಲೇ ಇತ್ತು, ಅಗಿಯೋದು ನಿಂತಿತ್ತು. ಅಣ್ಣ ಒಂದು ಕ್ಷಣ ಪೊರಕೆ ಹಿಡ್ಕೊಂಡು ಹಾಗೇ ನಿಂತ, ಆಮೇಲೆ ಉಳಿದ ಅರ್ಧ ಅಂಗಡಿ ಗುಡಿಸಿದ. ಅವತ್ತು ಸಂಜೆ ಕಾಕಾ, ಯಾವಾಗಲೂ ಮೊಳೆಗೆ ನೇತುಹಾಕ್ತಿದ್ದ ಗಲ್ಲಾದ ಕೀಲಿಕೈಯನ್ನ ತೆಗೆದು ತಮ್ಮ ಜೇಬಿಗೆ ಹಾಕ್ಕೊಂಡ್ರು. ಅದಕ್ಕೂ ಯಾರೂ ಏನೂ ಅನ್ನಲಿಲ್ಲ. ಮೂರನೇ ದಿನ ಅಣ್ಣ ಕೆಲಸಕ್ಕೆ ಬರಲಿಲ್ಲ. ಹುಮನಾಬಾದಿನಲ್ಲಿ ಹೈವೇ ಪಕ್ಕ ಪಂಕ್ಚರ್ ಅಂಗಡಿಗೆ ಸೇರ್ಕೊಂಡಾನಂತ ಅಂತ ಸುದ್ದಿ ಬಂತು. ಅರ್ಧ ತಿಂಗಳ ಪಗಾರ ಕೂಡ ಕೇಳದೆ ಹೋಗಿದ್ದ. 'ಕೇಳಿದ್ಮ್ಯಾಲೆ ಹೋದಾ ಅಂದ್ರ ತಿಳ್ಕೋರಿ' ಅಂತ ಓಣಿಯಲ್ಲಿ ಒಬ್ಬರು ಅಂದ್ರು. ತಿಳ್ಕೊಳ್ಳೋರು ಎಲ್ಲರೂ ತಿಳ್ಕೊಂಡ್ರು.

ನೋಟು ನಮ್ಮಲ್ಲಿ ಒಬ್ಬರ ಕಂಪಾಸ್ ಬಾಕ್ಸಿನಲ್ಲಿ, ಪ್ರೊಟ್ರಾಕ್ಟರ್ ಕೆಳಗೆ ನಾಲ್ಕು ಮಡಿಕೆಯಾಗಿ ಕೂತಿತ್ತು. ಜನವರಿವರೆಗೆ ಮುಟ್ಟೋದಿಲ್ಲ ಅಂತ ತೀರ್ಮಾನ. ಇಲ್ಲಿ ಒಂದು ವಿಷಯ ಹೇಳಬೇಕು. ವಾಲ್ಟರ್ ಮಿಶೆಲ್ ಅನ್ನೋ ಸೈಕಾಲಜಿಸ್ಟ್ ಸ್ಟ್ಯಾನ್‌ಫರ್ಡ್‌ನಲ್ಲಿ ಮಕ್ಕಳ ಮುಂದೆ ಒಂದು ಮಾರ್ಷ್‌ಮ್ಯಾಲೋ ಇಟ್ಟು, 15 ನಿಮಿಷ ತಿನ್ನದೆ ಕಾದರೆ ಎರಡು ಕೊಡ್ತೀನಿ ಅಂತ ಪರೀಕ್ಷೆ ಮಾಡಿದ್ದು ನಿಮಗೆ ಯಾವುದಾದರೂ ಮೋಟಿವೇಷನಲ್ ವಿಡಿಯೋದಲ್ಲಿ ಸಿಕ್ಕಿರುತ್ತೆ. ಕಾದ ಮಕ್ಕಳು ಮುಂದೆ ಉದ್ಧಾರ ಆದ್ರು ಅಂತ ವಿಡಿಯೋ ಮುಗಿಯುತ್ತೆ. 2018ರಲ್ಲಿ 900ಕ್ಕೂ ಹೆಚ್ಚು ಮಕ್ಕಳ ಮಾಹಿತಿ ಇಟ್ಟುಕೊಂಡು ಮತ್ತೆ ನೋಡಿದಾಗ, ಮನೆಯ ಪರಿಸ್ಥಿತಿಯನ್ನ ಲೆಕ್ಕಕ್ಕೆ ತಗೊಂಡರೆ ಆ ವ್ಯತ್ಯಾಸ ಬಹಳಷ್ಟು ಕರಗಿ ಹೋಯ್ತು ಅನ್ನೋದನ್ನ ವಿಡಿಯೋ ಹೇಳಲ್ಲ. ಅದಿರಲಿ. ನಮ್ಮ ತಕರಾರು ಬೇರೆ. ನಾವು 15 ನಿಮಿಷ ಅಲ್ಲ, ಹತ್ತು ಹನ್ನೆರಡು ವಾರ ಕಾಯೋಕೆ ರೆಡಿ ಇದ್ವಿ. ಆ ಪರೀಕ್ಷೆಯಲ್ಲಿ ನಮಗೆ ಡಿಸ್ಟಿಂಕ್ಷನ್ ಬರ್ತಿತ್ತು.

ಒಂಬತ್ತು ದಿನ ಕಾದ್ವಿ. ನವೆಂಬರ್ 8, ಮಂಗಳವಾರ, ರಾತ್ರಿ ಎಂಟು ಗಂಟೆ. ಟಿವಿಯಲ್ಲಿ ಪ್ರಧಾನಿ ಬಂದು ಇವತ್ತು ಮಧ್ಯರಾತ್ರಿಯಿಂದ 500, 1000ದ ನೋಟು ನಡೆಯೋದಿಲ್ಲ ಅಂದ್ರು. ಆಗ ನೀವೆಲ್ಲ ಎಲ್ಲಿದ್ರಿ, ಏನು ಮಾಡ್ತಿದ್ರಿ ನೆನಪಿದೆಯಾ? ನಮಗೆ ಸರಿಯಾಗಿ ನೆನಪಿದೆ. ದೊಡ್ಡವರೆಲ್ಲ ಬಾಯಿ ತೆರೆದು ಟಿವಿ ನೋಡ್ತಿದ್ರೆ ನಮ್ಮಲ್ಲಿ ಒಬ್ಬರು ಹುಮನಾಬಾದಿನಲ್ಲಿ, ಒಬ್ಬರು ಬಸವಕಲ್ಯಾಣದಲ್ಲಿ, ಒಂದೇ ಕಂಪಾಸ್ ಬಾಕ್ಸ್ ಬಗ್ಗೆ ಯೋಚನೆ ಮಾಡ್ತಿದ್ವಿ. ಮರುದಿನ ಕಾಕಾನ ಫೋನಿನಲ್ಲಿ ಗುಟ್ಟಿನ ಮಾತು. 'ಆ ಸಾಮಾನು ಕೆಟ್ಟುಹೋಯ್ತಲ್ಲ?' 'ಪೂರ್ತಿ ಕೆಟ್ಟಿಲ್ಲ, ಡಿಸೆಂಬರ್ 30ರ ತನಕ ಬ್ಯಾಂಕಿನವರು ತಗೋತಾರಂತ.' 'ಬ್ಯಾಂಕಿಗಿ ನಾವು ಹ್ಯಾಂಗ ಹೋಗಮ್?'

ಪೆಟ್ರೋಲ್ ಪಂಪಿನಲ್ಲಿ ಇನ್ನೂ ಕೆಲವು ದಿನ ನಡೀತದೆ ಅಂತ ಟಿವಿಯಲ್ಲಿ ಬಂತು. ನಮ್ಮಲ್ಲಿ ಒಬ್ಬರು ನೀರಿನ ಬಾಟಲ್ ಹಿಡ್ಕೊಂಡು ಪಂಪಿಗೆ ಹೋಗಿದ್ದೂ ಆಯ್ತು. ಬೈಕುಗಳ ಸಾಲಿನಲ್ಲಿ ನಿಂತು, ಸರದಿ ಬಂದಾಗ, 'ಹತ್ತು ರೂಪಾಯಿದು ಹಾಕ್ರಿ. ಉಳಿದದ್ದು ವಾಪಸ್ ಕೊಡ್ರಿ.' ಪಂಪಿನವನು ನೋಟು ನೋಡಿದ, ಬಾಟಲ್ ನೋಡಿದ, ಹಿಂದಿನ ಸಾಲಿಗೆ ಕೇಳೋ ಹಾಗೆ ನಕ್ಕ. 'ಚಿಲ್ಲರ್ ಇದ್ರ ನಾ ಯಾಕ ಇಲ್ಲಿ ನಿಂದರ್ತಿದ್ದೆ ಅಪ್ಪಾ, ಮನಿಗಿ ಹೋಗು.'

ಆ ವಾರ ನಮ್ಮ ಮನೆಯಲ್ಲಿ ನಡೆದದ್ದು ಬಹುಶಃ ನಿಮ್ಮ ಮನೆಗಳಲ್ಲೂ ನಡೆದಿರಬೇಕು. ಭಾನುವಾರ ಎಲ್ಲರೂ ಬಸವಕಲ್ಯಾಣದಲ್ಲಿ ಸೇರಿದ್ವಿ. ಮುತ್ಯಾ ಪಡಸಾಲೆಯಲ್ಲಿ ಚಾಪೆ ಹಾಸಿ ಕೂತು ಹೇಳಿದರು, 'ಮನಿಯಾಗ ಎಲ್ಲೆಲ್ಲಿ ಅದ ಎಲ್ಲಾ ತಂದು ಇಲ್ಲಿ ಇಡ್ರಿ. ಎಲ್ಲಿಂದ ಬಂತು, ಯಾರಿಗೂ ಕೇಳಂಗಿಲ್ಲ. ಇದು ನನ್ನ ಮಾತು.'

ಮೊದಲು ಯಾರೂ ಅಲ್ಲಾಡಲಿಲ್ಲ. ಆಮೇಲೆ ಕಾಕು ಎದ್ದು ಟ್ರಂಕಿನ ತಳದಿಂದ ಎರಡು ಐನೂರು ತಂದರು. ಕಾಕಾ ಅವರ ಮುಖ ನೋಡಿದರು, ಅವರು ಮುತ್ಯಾನ ಮುಖ ನೋಡಿದರು. ಕಾಕಾನೂ ಬೈಕಿನ ಸೀಟಿನ ಕೆಳಗಿಂದ ಒಂದು ಸಾವಿರ ತಂದ್ರು. ಕೊನೆಗೆ ಆಯಿ ಅಡುಗೆಮನೆಗೆ ಹೋಗಿ ಜೋಳದ ಡಬ್ಬಿಯನ್ನೇ ಎತ್ಕೊಂಡು ಬಂದು ಚಾಪೆ ಮೇಲೆ ಬೋರಲು ಹಾಕಿದರು. ಜೋಳದ ಜೊತೆ ನೋಟಿನ ಸುರುಳಿಗಳು ಉರುಳಿದವು. ಒಂದೊಂದಕ್ಕೂ ಹಸಿರು ದಾರ ಕಟ್ಟಿತ್ತು. ಎಷ್ಟು ವರ್ಷದ್ದೋ. ಮಗಳು ಬಂದಾಗ ಕೊಡೋಕೆ, ಯಾರಿಗಾದರೂ ಆರಾಮಿಲ್ಲದಾಗ ತೆಗೆಯೋಕೆ, ಗಂಡನಿಗೆ ಹೇಳದೆ ಕೂಡಿಟ್ಟದ್ದು. 'ನಾ ಕಳವು ಮಾಡಿದ್ದಲ್ಲ' ಅಂತ ಆಯಿ ಅಂದ್ರು. ಯಾರೂ ಕೇಳಿರಲಿಲ್ಲ. ಅವರೇ ಅಂದು, ಸೆರಗಿನಿಂದ ಕಣ್ಣು ಒರೆಸ್ಕೊಂಡ್ರು. ತನ್ನದೇ ರೊಕ್ಕಕ್ಕೆ ಆಯಿ ಕಳ್ಳಿ ಹಾಗೆ ತಲೆ ತಗ್ಗಿಸಿ ಕೂತಿದ್ದನ್ನ ನಾವು ನೋಡಿದ್ವಿ. ನಮ್ಮ ಜೇಬಿನಲ್ಲಿ ಆಗ ಅದೇ ನೋಟು ಇತ್ತು.

ಇಟ್ವಿ. ಚಾಪೆ ಮೇಲೆ, ಎಲ್ಲದರ ನಡುವೆ, ನಾಲ್ಕು ಮಡಿಕೆ ಬಿಡಿಸಿ.

ಮುತ್ಯಾ ಎಣಿಸ್ತಾ ಬಂದು ಆ ನೋಟಿಗೆ ನಿಂತರು. ಗಾಂಧೀಜಿಯ ಚಿತ್ರದ ಪಕ್ಕ ಆಯಿ ಇಟ್ಟ ಕುಂಕುಮ ಹಾಗೇ ಇತ್ತು, ಮಡಿಕೆಯಿಂದ ಸ್ವಲ್ಪ ಹರಡಿತ್ತು. ಅವರು ನಮ್ಮನ್ನ ನೋಡಿದರು. ಒಬ್ಬರನ್ನಲ್ಲ, ಇಬ್ಬರನ್ನೂ. ಶಾಲೆಯಲ್ಲಿ ಗಾಂಧೀಜಿ ಬಗ್ಗೆ ಹೇಳಿಕೊಟ್ಟಿದ್ರು: ಹುಡುಗನಾಗಿದ್ದಾಗ ಅಣ್ಣನ ಕಡಗದಿಂದ ಚೂರು ಚಿನ್ನ ಕದ್ದು, ಆಮೇಲೆ ಚೀಟಿಯಲ್ಲಿ ಬರೆದು ತಂದೆಗೆ ಕೊಟ್ಟದ್ದು, ತಂದೆ ಅತ್ತು ಆ ಚೀಟಿ ಹರಿದು ಹಾಕಿದ್ದು. ಮುತ್ಯಾನೂ ಅಳ್ತಾರೆ, ಅಪ್ಪಿಕೊಳ್ತಾರೆ ಅಂತ ನಾವು ಒಳಗೊಳಗೇ ಕಾಯ್ತಿದ್ವಿ. ಅಳಲಿಲ್ಲ. ಹೊಡೀಲೂ ಇಲ್ಲ. ಆ ನೋಟನ್ನ ಎತ್ತಿ ಬೇರೆ ಇಟ್ಟು ಮುಂದಿನದನ್ನ ಎಣಿಸಿದರು. ಮಾತು ಕೊಟ್ಟಿದ್ದರಲ್ಲ, ಕೇಳಲಿಲ್ಲ. ಅಪ್ಪನ ಕೈ ಮೇಲೇಳ್ತಿತ್ತು, ಮುತ್ಯಾ ಕಣ್ಣಿನಿಂದಲೇ ಕೂಡಿಸಿದರು. ಎರಡು ದಿನ ಬಿಟ್ಟು ಇಬ್ಬರೂ ತಮ್ಮ ಜೊತೆ ಬ್ಯಾಂಕಿಗೆ ಬರಬೇಕು, ಶಾಲೆ ಇರಲಿ, ಬಿಡಲಿ. ಅಷ್ಟೇ ಹೇಳಿದ್ದು.

(ಅಂದಹಾಗೆ, ವಿಜ್ಞಾನೇಶ್ವರ ಮಿತಾಕ್ಷರಾ ಬರೆದದ್ದು ನಮ್ಮ ಕಲ್ಯಾಣದಲ್ಲೇ, 1076ರಿಂದ 1126ರವರೆಗೆ ಆಳಿದ ಆರನೇ ವಿಕ್ರಮಾದಿತ್ಯನ ಕಾಲದಲ್ಲಿ. ಪಿತ್ರಾರ್ಜಿತ ಆಸ್ತಿಯಲ್ಲಿ ಮಗನಿಗೆ ಹುಟ್ಟಿದ ಕೂಡಲೇ ಹಕ್ಕು ಬರುತ್ತೆ ಅಂತ ಅದು ಹೇಳುತ್ತೆ. ಪಿಯುಸಿಯಲ್ಲಿ ಇದು ಗೊತ್ತಾದಾಗ, ಅಯ್ಯೋ, ನಮ್ಮ ಪಾಲನ್ನೇ ಸ್ವಲ್ಪ ಮುಂಚೆ ತಗೊಂಡ್ವಿ ಅಂತ ವಾದ ಮಾಡಬಹುದಿತ್ತಲ್ಲ ಅಂತ ನಕ್ಕಿದ್ವಿ. ಅಂಗಡಿ ಮುತ್ಯಾನ ಸ್ವಂತ ದುಡಿಮೆದು, ಹಾಗಾಗಿ ಆ ವಾದವೂ ನಿಲ್ತಿರಲಿಲ್ಲ.)

ಬ್ಯಾಂಕಿನ ಕ್ಯೂ ಬಗ್ಗೆ ಎಷ್ಟು ಬರೆದರೂ ಮುಗಿಯಲ್ಲ. ಬೆಳಿಗ್ಗೆ ಏಳಕ್ಕೆ ಹೋದಾಗಲೇ ಸಾಲು ರಸ್ತೆ ತಿರುಗಿತ್ತು. ಜನ ತಮ್ಮ ಜಾಗದಲ್ಲಿ ಚಪ್ಪಲಿ, ಕಲ್ಲು, ಚೀಲ ಇಟ್ಟು ಚಹಾ ಕುಡಿಯೋಕೆ ಹೋಗಿದ್ರು. ಮುತ್ಯಾ ಮಾತ್ರ ನಿಂತೇ ಇದ್ರು, ಹಾಗಾಗಿ ನಾವೂ. ಮನೆಯ ರೊಕ್ಕ ಖಾತೆಗೆ, ಈ ಒಂದು ನೋಟು ಮಾತ್ರ ಕೌಂಟರಿನಲ್ಲಿ ಬದಲಿ. ಅದಕ್ಕೆ ಫಾರಂ, ಆಧಾರ್ ಜೆರಾಕ್ಸ್, ಸಹಿ. ಫಾರಂ ನಮ್ಮ ಕೈಯಿಂದಲೇ ತುಂಬಿಸಿದರು, ಅರ್ಧ ಒಬ್ಬರು, ಅರ್ಧ ಇನ್ನೊಬ್ಬರು. ಸಾಲಿನಲ್ಲಿದ್ದವರು 'ಮೊಮ್ಮಕ್ಕಳಿಗಿ ಯಾಕ ಕರ್ಕೊಂಡು ಬಂದೀರಿ ಮುತ್ಯಾ, ಬಿಸಿಲಾಗ?' ಅಂತ ಕೇಳ್ತಿದ್ರು. ಪ್ರತಿ ಸಲ ನಮ್ಮ ಹೊಟ್ಟೆ ಕಲಕ್ತಿತ್ತು, ಈಗ ಹೇಳ್ತಾರೆ, ಈಗ ಹೇಳ್ತಾರೆ ಅಂತ. 'ಬರ್ತೀವಂದ್ರು, ಕರ್ಕೊಂಡು ಬಂದೆ' ಅಂತಿದ್ರು ಮುತ್ಯಾ. ಐದು ತಾಸು. ಕೌಂಟರ್ ಮುಟ್ಟೋ ಹೊತ್ತಿಗೆ ನೂರರ ನೋಟು ಖಾಲಿ. ಹತ್ತರ ಐವತ್ತು ನೋಟಿನ ಒಂದು ಕಟ್ಟು ಕೊಟ್ಟರು.

ಅಲ್ಲಿಂದ ಸೀದಾ ಹುಮನಾಬಾದ್ ಬಸ್ಸು. ಎಲ್ಲಿಗೆ ಅಂತ ಕೇಳೋ ಧೈರ್ಯ ಇರಲಿಲ್ಲ, ಕೇಳೋ ಅಗತ್ಯವೂ ಇರಲಿಲ್ಲ.

ಹೈವೇ ಪಕ್ಕ ತಗಡಿನ ಶೆಡ್ಡು. ಅಣ್ಣ ಲಾರಿಯ ಟ್ಯೂಬನ್ನ ನೀರಿನ ತೊಟ್ಟಿಯಲ್ಲಿ ಮುಳುಗಿಸಿ ಗುಳ್ಳೆ ಎಲ್ಲಿ ಬರ್ತದೆ ಅಂತ ನೋಡ್ತಿದ್ದ. ಮುತ್ಯಾನ ನೋಡಿ ಎದ್ದ. ಕೈ ಒರೆಸ್ಕೊಂಡ. ಕೂಡೋಕೆ ಹಳೆ ಟೈರ್ ಸರಿಸಿ ಮೇಲೆ ಗೋಣಿಚೀಲ ಹಾಕಿದ.

ಮುತ್ಯಾ ಕೂಡಲಿಲ್ಲ. 'ರೊಕ್ಕ ಮನಿಯಾಗೇ ಸಿಕ್ತು ತಮ್ಮಾ' ಅಂದ್ರು. ನಮ್ಮ ಕಡೆ ಕೈ ಕೂಡ ತೋರಿಸಲಿಲ್ಲ. ಆದರೂ ಅಣ್ಣ ನಮ್ಮನ್ನ ನೋಡಿದ, ಅವನಿಗೆ ತಿಳಿಯಿತು. ಮೊದಲೇ ತಿಳಿದಿತ್ತೋ ಏನೋ. 'ತಪ್ಪ ನಂದದ. ವಾಪಸ್ ಬಾ.'

ಅವನು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಹಿಂದೆ ಲಾರಿಗಳು ಹೋಗ್ತಿದ್ದವು, ಒಂದು ಹೋದ ಮೇಲೆ ಮಾತಾಡಬೇಕು.

'ನೀವ್ ಬೈದಿಲ್ರಿ ಸಾವ್ಕಾರ್ರ. ಒಂದ್ ಮಾತು ಕೇಳಿದ್ರಿ, ಅಷ್ಟ. ಆದ್ರ ನನಗೊಬ್ಬನಿಗೇ ಕೇಳಿದ್ರಿ.'

ಮುತ್ಯಾ ಏನೂ ಅನ್ನಲಿಲ್ಲ. ನಾವೂ. ಜೋಳದ ಚೀಲದ ಮೇಲೆ ಇಬ್ಬರು ಕೂತಿದ್ದ ದಿನ ಅಂಗಡಿಯಲ್ಲಿ ಒಟ್ಟು ನಾಲ್ಕು ಜನ ಇದ್ವಿ. ಕೇಳಿದ್ದು ಒಬ್ಬನಿಗೆ. ಚಾಪೆ ಮೇಲೆ ನೋಟು ಸಿಕ್ಕ ದಿನ ಯಾರಿಗೂ ಕೇಳಲಿಲ್ಲ. ಈ ಲೆಕ್ಕ ನಮಗೆ ಆವತ್ತು ಆ ಶೆಡ್ಡಿನಲ್ಲಿ ಹೊಳೆಯಿತು ಅಂತ ಬರೆದರೆ ಸುಳ್ಳಾಗುತ್ತೆ. ಆವತ್ತು ಅನಿಸಿದ್ದು ಒಂದೇ, ಅಣ್ಣ ವಾಪಸ್ ಬರೋದಿಲ್ಲ, ಕೋಟೆಗೆ ಸೈಕಲ್ ಇಲ್ಲ. ಮಿಕ್ಕಿದ್ದು ವರ್ಷಗಟ್ಟಲೆ ಆದ ಮೇಲೆ, ಹಾಸ್ಟೆಲ್ಲಿನಲ್ಲಿ ಯಾರದೋ ಪವರ್ ಬ್ಯಾಂಕ್ ಕಳೆದಾಗ ಎಲ್ಲರೂ ಮೊದಲು ಮೆಸ್ ಹುಡುಗನ ಕಡೆ ನೋಡಿದಾಗ ಹೊಳೆಯಿತು.

ಮುತ್ಯಾ ಜೇಬಿನಿಂದ ಎರಡು ತೆಗೆದರು. ಒಂದು ಅರ್ಧ ತಿಂಗಳ ಪಗಾರ. ಇನ್ನೊಂದು ಹತ್ತರ ಕಟ್ಟು, ಅದನ್ನ ನಮ್ಮ ಕೈಗೆ ಕೊಟ್ಟು, ಕೊಡ್ರಿ ಅಂದ್ರು. ಅಣ್ಣ ಪಗಾರ ಎಣಿಸಿ ತಗೊಂಡ. ಕಟ್ಟನ್ನ ನೋಡಿ ಕೈ ಹಿಂದೆ ಮಾಡಿದ. 'ಇದು ನಂದಲ್ಲ.' ನಾವು ಕೈ ಚಾಚಿಕೊಂಡೇ ನಿಂತಿದ್ವಿ, ಹಿಂದೆ ತಗೊಳ್ಳೋದು ಹೇಗೆ ಅಂತ ಗೊತ್ತಾಗ್ದೆ. ಆಮೇಲೆ ಅವನು ಎದುರಿನ ಗಾಡಿಯಿಂದ ಮಿರ್ಚಿ ಭಜಿ ತರಿಸಿದ. ದುಡ್ಡು ಅವನೇ ಕೊಟ್ಟ. ತಿಂದ್ವಿ. ಖಾರಕ್ಕೆ ಕಣ್ಣಲ್ಲಿ ನೀರು ಬಂದದ್ದು ಒಳ್ಳೇದಾಯ್ತು.

ಜನವರಿಯಲ್ಲಿ ಜಾತ್ರೆ ಆಯ್ತು. ಚಿಲ್ಲರೆ ಇಲ್ಲದೆ ಜನ ಬರೀ ನೋಡ್ತಿದ್ರು, ಹೆಲಿಕಾಪ್ಟರ್ 350ಕ್ಕೆ ಇಳಿದಿತ್ತು. ಕಾಕಾ 'ತಗೋತೀರೇನು?' ಅಂತ ಕೇಳಿದ್ರು. ಕೀಲಿಕೈ ಮತ್ತೆ ಮೊಳೆಗೆ ಬಂದಿತ್ತು, ಅವರಿಗೂ ಏನೋ ಅನಿಸಿರಬೇಕು. ಬ್ಯಾಡ ಅಂದ್ವಿ.

ಆ ಕಟ್ಟು ಈಗಲೂ ಗಲ್ಲಾದಲ್ಲಿದೆ. ರಬ್ಬರ್ ಬ್ಯಾಂಡ್ ಎರಡು ಸಲ ಬದಲಾಗಿದೆ. ದೀಪಾವಳಿ ಮರುದಿನ ಗಲ್ಲಾ ಎಣಿಸೋ ಕೆಲಸವನ್ನ ಮುತ್ಯಾ ಅದರ ಮುಂದಿನ ವರ್ಷದಿಂದ ನಮಗೇ ಕೊಟ್ಟರು. ಇಬ್ಬರೂ ಬೇರೆ ಬೇರೆ ಕೂತು ಎಣಿಸಿ ಚೀಟಿಯಲ್ಲಿ ಬರೆದು ಕೊಡಬೇಕು, ಎರಡೂ ಹೊಂದಬೇಕು. ಹೊಂದದೆ ಇದ್ರೆ ಊಟ ಇಲ್ಲ. ಅಂಗಡಿಯಲ್ಲಿ ಈಗ ಬೇರೆ ಹುಡುಗ ಇದ್ದಾನೆ. ಹೋದ ವರ್ಷ ಲೆಕ್ಕದಲ್ಲಿ ಇನ್ನೂರು ವ್ಯತ್ಯಾಸ ಬಂದು, ಅವನು ನಮ್ಮ ಮುಖ ನೋಡ್ತಾ ನಿಂತಿದ್ದ. 'ನೀ ಹೋಗಿ ಊಟ ಮಾಡು, ತಪ್ಪು ನಮ್ಮ ಎಣಿಕೆದು' ಅಂದ್ವಿ. ಅವತ್ತು ಮಧ್ಯಾಹ್ನ ಮೂರರ ತನಕ ಎಣಿಸಿದ್ವಿ. ಎರಡು ನೂರರ ನೋಟು ಕುಂಕುಮ, ಎಣ್ಣೆ ಸೇರಿ ಬೇರೆ ನೋಟುಗಳಿಗೆ ಅಂಟಿಕೊಂಡಿದ್ದವು.

ಅಣ್ಣನದು ಈಗ ಸ್ವಂತ ಟೈರ್ ಅಂಗಡಿ, ಅದೇ ಹೈವೇ ಮೇಲೆ. ಸೆಮಿಸ್ಟರ್ ರಜೆಗೆ ಬಸ್ಸಿಳಿದರೆ ಚಹಾ ಕುಡಿಸದೆ ಬಿಡೋದಿಲ್ಲ. ಇದನ್ನ ಮ್ಯಾಗಜೀನಿಗೆ ಕೊಡೋ ಮುಂಚೆ ಫೋನ್ ಮಾಡಿ ಪೂರ್ತಿ ಓದಿ ಹೇಳಿದ್ವಿ. ಕೇಳಿದ. 'ನನ್ನ ಹೆಸರು ಹಾಕಬ್ಯಾಡ್ರಿ' ಅಂದ. ಹಾಕಿಲ್ಲ ಅಂದ್ವಿ.

'ಕೈ ಯಾರ್ದಿತ್ತು ಅಂತ ಬರ್ದೀರೇನು?'

'ಇಲ್ಲ.'

'ಹಂಗಾದ್ರ ಒಂದ್ ಮಾತು ಕೇಳ್ಲಾ?' ಅಂದ. ಅಷ್ಟರಲ್ಲಿ ಆ ಕಡೆ ಯಾವುದೋ ಲಾರಿ ಹಾರ್ನ್ ಹೊಡೀತು. 'ತಡೀರಿ, ಗಾಡಿ ಬಂತು' ಅಂತ ಫೋನ್ ಇಟ್ಟ. ಇನ್ನೂ ವಾಪಸ್ ಮಾಡಿಲ್ಲ.